ಕಡಲಿಲ್ಲದ ಊರಲ್ಲಿ ದಂಡೆಯ ಬೆಳಗು: ತುಂಗಭದ್ರೆಯ ಪಕ್ಕ ಒಂದು ಗಂಟೆ ಸುಮ್ನೆ ಕೂರುವುದು ಹೇಗೆ

ಎರಡು ವರ್ಷದ ಹಿಂದೆ ಜನವರಿಯಲ್ಲಿ ಮನೆಯವರ ಜೊತೆ ಗೋಕರ್ಣಕ್ಕೆ ಹೋಗಿದ್ದೆ. ಮೂರು ದಿನವೂ ಎಲ್ಲರಿಗಿಂತ ಮುಂಚೆ ಎದ್ದು, ಕತ್ತಲಿರುವಾಗಲೇ ಒಬ್ಬನೇ ದಂಡೆಗೆ ಹೋಗಿ ಕೂತೆ. ಏನೂ ಮಾಡಲಿಲ್ಲ, ಕೂತಿದ್ದೆ ಅಷ್ಟೇ. ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಸುಗ್ಗಿ ಬಂತೆಂದರೆ ರಾತ್ರಿ ಹನ್ನೊಂದಾದರೂ ಫೋನ್ ಕೆಳಗಿಡುವಂತಿಲ್ಲ. ಮಲಗಿದ ಮೇಲೂ ತಲೆಯೊಳಗೆ ಚೀಲ ಎಣಿಸುತ್ತಲೇ ಇರುತ್ತೇನೆ. ಆ ಮೂರು ದಿನ ಎಣಿಕೆ ನಿಂತಿತ್ತು.

ವಾಪಸ್ ಬಂದ ವಾರಕ್ಕೆ ಎಲ್ಲ ಮೊದಲಿನ ಹಾಗೇ. ನಮ್ಮೂರಿಂದ ಅಂಕೋಲಾದ ಕಡಲಿಗೆ ಹತ್ತಿರ ಹತ್ತಿರ 300 ಕಿ.ಮೀ. ಬಳ್ಳಾರಿ, ರಾಯಚೂರಿನವರಿಗೆ ಇನ್ನೂ ಜಾಸ್ತಿ. ತಲೆ ಕೆಟ್ಟಾಗೆಲ್ಲ ಹೋಗಿ ಬರೋಕಾಗುತ್ತಾ? ಒಂದು ದಿನ ಕೂತು ಯೋಚಿಸಿದೆ, ಅಲ್ಲಿ ನನಗೆ ಸಿಕ್ಕಿದ್ದಾದರೂ ಏನು ಅಂತ. ನೀರಿಗಂತೂ ಕಾಲೇ ಇಟ್ಟಿರಲಿಲ್ಲ. ಸಿಕ್ಕಿದ್ದು ಮೂರು: ಕಣ್ಣಿಗೆ ಏನೂ ಅಡ್ಡ ಬರದ ಅಗಲ, ನಿಲ್ಲದೆ ಬರುವ ಒಂದೇ ಥರದ ಸದ್ದು, ಕತ್ತಲು ಹೋಗಿ ಬೆಳಕಾಗುವುದನ್ನು ಪೂರ್ತಿ ನೋಡುವಷ್ಟು ಬಿಡುವು. ಈ ಮೂರೂ ನಮ್ಮ ಹೊಳೆ ದಂಡೆಯಲ್ಲೇ ಇವೆ, ಮನೆಯಿಂದ 12 ಕಿ.ಮೀ. ಆಸುಪಾಸಿನಲ್ಲಿ. ಹುಟ್ಟಿದಾಗಿನಿಂದ ಇಲ್ಲೇ ಇದ್ದೂ ಅದು ಗೊತ್ತಾಗೋಕೆ ನಾನು ಗೋಕರ್ಣಕ್ಕೆ ಹೋಗಬೇಕಾಯಿತು!

ಒಂದು ವರ್ಷದಿಂದ ವಾರಕ್ಕೆ ಎರಡು ಬೆಳಗು ಹೋಗುತ್ತಿದ್ದೇನೆ. ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜಾಗ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಜಾಗ ಸರಿಯಾಗಿದ್ದರೆ ಉಳಿದದ್ದು ತಾನಾಗೇ ಆಗುತ್ತದೆ.

ನಿಮಗೆ ಬೇಕಾದದ್ದು ಅಗಲವಾ, ಸದ್ದಾ? ಮೊದಲು ಇದನ್ನು ತೀರ್ಮಾನಿಸಿ. ಅಗಲ ಬೇಕೆಂದರೆ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಾಟಿಯಿಲ್ಲ. ಡ್ಯಾಂ ತುಂಬಿದಾಗ ನೀರು ಸುಮಾರು 378 ಚದರ ಕಿ.ಮೀ. ಹರಡಿಕೊಳ್ಳುತ್ತದೆ. ಕೊಪ್ಪಳ ಕಡೆಯ ದಂಡೆಯಲ್ಲಿ ನಿಂತರೆ ಕೆಲವು ಕಡೆ ಆಚೆ ದಡ ಕಣ್ಣಿಗೆ ಸಿಗುವುದಿಲ್ಲ. ಗಾಳಿ ಎದ್ದರೆ ಸಣ್ಣ ಸಣ್ಣ ಅಲೆ ಬಂದು ಕಲ್ಲಿಗೆ ಬಡಿಯುತ್ತದೆ. ಕಣ್ಣು ಅರೆ ಮುಚ್ಚಿದರೆ ಸಮುದ್ರವೇ. ಒಂದೇ ತೊಂದರೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹೂಳು ಮೇಲೆ ಬರುತ್ತದೆ. ಮೇಲ್ಗಡೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಕೊಳ್ಳುತ್ತದೆ. ದನ ಓಡಾಡಿದ ಹೆಜ್ಜೆ ಕಾಣದ ಕಡೆ ನೀವೂ ಹೋಗಬೇಡಿ.

ಸದ್ದು ಬೇಕೆಂದರೆ ಆನೆಗೊಂದಿ. ಅಲ್ಲಿ ಹೊಳೆ ಬಂಡೆಗಳ ಸಂದಿಯಲ್ಲಿ ನುಗ್ಗಿ ಹೋಗುತ್ತದೆ. ಈ ಬಂಡೆಗಳಿಗೆ ವಯಸ್ಸು ಸುಮಾರು 250 ಕೋಟಿ ವರ್ಷ. ಚಿಂತಾಮಣಿ ದೇವಸ್ಥಾನದ ಹತ್ತಿರದ ದಂಡೆ ನನ್ನ ಜಾಗ. ಊರು ಬೆನ್ನಿಗೇ ಇರುತ್ತದೆ, ಎದುರಿಗೆ ನೀರು, ಆಚೆ ಗುಡ್ಡ. ಸ್ವಲ್ಪ ಹೊತ್ತಿಗೆ ದೇವಸ್ಥಾನಕ್ಕೆ ಬರುವವರು, ಬಟ್ಟೆ ಒಗೆಯುವವರು ಒಬ್ಬೊಬ್ಬರೇ ಬರುತ್ತಾರೆ. ಅವರಿರುವುದರಿಂದ ಧೈರ್ಯ. ಪೂರ್ತಿ ನಿರ್ಜನ ಜಾಗದಲ್ಲಿ ಕೂತರೆ ಮನಸ್ಸು ಹಗುರಾಗುವುದಿಲ್ಲ, ಕಿವಿ ಹಿಂದಕ್ಕೇ ಇರುತ್ತದೆ.

ಸಾಣಾಪುರದ ಕೆರೆ ಈಗ ಎಲ್ಲರಿಗೂ ಗೊತ್ತು. ಚೆಂದವಿದೆ, ಸುಳ್ಳು ಹೇಳಲ್ಲ. ಆದರೆ ರಜೆ ದಿನ ಹೊತ್ತು ಏರುವ ಮೊದಲೇ ಹರಿಗೋಲಿಗೆ ಜನ ಸೇರಿರುತ್ತಾರೆ, ಯಾರದ್ದೋ ಸ್ಪೀಕರ್ ಶುರುವಾಗಿರುತ್ತದೆ. ವಾರದ ನಡುವೆ ಹೋಗುವುದಾದರೆ ಸರಿ.

ಬಳ್ಳಾರಿಯವರಿಗೆ ಕಂಪ್ಲಿ ಇದೆ, ಸಿರುಗುಪ್ಪ ಕಡೆಯವರಿಗೆ ಕೆಂಚನಗುಡ್ಡ. ಮರಳಲ್ಲಿ ಬರಿಗಾಲಲ್ಲಿ ನಡೆಯಬೇಕು ಅನ್ನುವ ಆಸೆ ನಿಮಗಿದ್ದರೆ ಹಗರಿಯನ್ನು ಮರೆಯಬೇಡಿ. ವೇದಾವತಿ ಅಂತ ಪುಸ್ತಕದಲ್ಲಿರುವ ನಮ್ಮ ಹಗರಿ ವರ್ಷದಲ್ಲಿ ಜಾಸ್ತಿ ತಿಂಗಳು ಒಣಗಿರುತ್ತದೆ. ಅಗಲಕ್ಕೆ ಬರೀ ಮರಳು. ರಾತ್ರಿಯೆಲ್ಲ ತಣ್ಣಗಾದ ಮರಳಿನ ಮೇಲೆ ಬೆಳಿಗ್ಗೆ ಕಾಲಿಟ್ಟು ನೋಡಿ, ಗೋಕರ್ಣದ ಮರಳಿಗೂ ಇದಕ್ಕೂ ಪಾದಕ್ಕೆ ಭೇದ ತಿಳಿಯುವುದಿಲ್ಲ. ಮರಳು ಬಗೆದ ಗುಂಡಿಗಳಿರುತ್ತವೆ, ಬೆಳಕು ಬಂದ ಮೇಲೇ ನಡೆಯಿರಿ. ರಾಯಚೂರಿನವರಿಗೆ ಕೃಷ್ಣೆ. ದೇವಸೂಗೂರಿನ ಹತ್ತಿರ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು ಕಾಣುತ್ತವೆ, ಅದೇನೂ ಅಡ್ಡಿಯಲ್ಲ. ನೀರಿನ ಅಗಲ ನೋಡುತ್ತಾ ಕೂತರೆ ಚಿಮಣಿ ಮರೆತೇ ಹೋಗುತ್ತದೆ.

ಜಾಗ ನೋಡೋಕೆ ಸಂಜೆ ಹೊತ್ತು ಹೋಗಿ. ಪೂರ್ವ ಯಾವ ಕಡೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಕಲ್ಲಿನ ಮೇಲೆ ಪಾಚಿ ಎಲ್ಲಿದೆ, ಮೇಲಿನ ಬಂಡೆಗೆ ಹೆಜ್ಜೇನು ಕಟ್ಟಿದೆಯಾ, ಎಲ್ಲ ನೋಡಿಕೊಂಡು ಬನ್ನಿ. ನಾನು ನೋಡದೇ ಹೋಗಿ ಮೊದಲ ದಿನವೇ ಪಾಚಿಯ ಮೇಲೆ ಜಾರಿ ಬಿದ್ದೆ. ಥರ್ಮಾಸ್ ಹೊಳೆ ಪಾಲಾಯಿತು. ಮನೆಯಲ್ಲಿ ಅದರ ಲೆಕ್ಕ ಇನ್ನೂ ಮುಗಿದಿಲ್ಲ.

ಒಮ್ಮೆ ಜಾಗ ಗೊತ್ತಾದ ಮೇಲೆ ಬದಲಾಯಿಸಬೇಡಿ. ದಿನಕ್ಕೊಂದು ಹೊಸ ಜಾಗ ಹುಡುಕುತ್ತಾ ಹೋದರೆ ಅದು ಟೂರ್ ಆಗುತ್ತದೆ. ಒಂದೇ ಕಲ್ಲಿನ ಮೇಲೆ ಹತ್ತನೇ ಸಲ ಕೂತಾಗಲೇ ನೀರು ನಿನ್ನೆಗಿಂತ ನಾಲ್ಕು ಬೆರಳು ಇಳಿದಿದೆ ಅಂತ ಕಣ್ಣಿಗೆ ಬೀಳುವುದು.

ದಿನ ಮತ್ತು ತಿಂಗಳು

ನವೆಂಬರ್‌ನಿಂದ ಫೆಬ್ರವರಿವರೆಗೆ ಎಲ್ಲಕ್ಕಿಂತ ಒಳ್ಳೆಯದು. ಚಳಿಯ ಬೆಳಗಲ್ಲಿ ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ಅದಕ್ಕೇ ಹೊಳೆಯ ಮೇಲೆ ಹೊಗೆ ಆಡಿದಂತೆ ಮಂಜು ಏಳುತ್ತದೆ. ಏಪ್ರಿಲ್, ಮೇನಲ್ಲೂ ಹೋಗಬಹುದು, ಆದರೆ ಬಂಡೆ ಹಿಂದಿನ ದಿನದ ಬಿಸಿಯನ್ನು ಬೆಳಗಿನವರೆಗೂ ಹಿಡಿದಿಟ್ಟುಕೊಂಡಿರುತ್ತದೆ. ಏಳೂವರೆಗೆಲ್ಲ ಎದ್ದುಬಿಡಿ.

ಜುಲೈಯಿಂದ ಅಕ್ಟೋಬರ್ ಹುಷಾರಾಗಿರಬೇಕಾದ ಕಾಲ. ನಿಮ್ಮ ತಲೆಯ ಮೇಲೆ ಒಂದು ಹನಿ ಮಳೆ ಬಿದ್ದಿರಬೇಕೆಂದಿಲ್ಲ. ಮಲೆನಾಡಿನಲ್ಲಿ ಸುರಿದರೆ ಇಲ್ಲಿ ಡ್ಯಾಂ ತುಂಬುತ್ತದೆ, ಗೇಟು ತೆಗೆಯುತ್ತಾರೆ, ಹೊಳೆ ಏರುತ್ತದೆ. ತುಂಗಭದ್ರಾ ಡ್ಯಾಂಗೆ 33 ಕ್ರಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಗಿದ್ದು ನಮ್ಮ ಭಾಗದಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಮಳೆಗಾಲದಲ್ಲಿ ಹಿಂದಿನ ದಿನ ಎಷ್ಟು ನೀರು ಬಿಟ್ಟಿದ್ದಾರೆ ಅಂತ ಪೇಪರಲ್ಲಿ ನೋಡಿ. ಕಂಪ್ಲಿ ಸೇತುವೆ ಮುಳುಗುವ ಸುದ್ದಿ ಬಂದರೆ ಆ ವಾರ ಹೊಳೆಯ ಕಡೆ ತಲೆಯಿಟ್ಟೂ ಮಲಗಬೇಡಿ. ಕೆರೆ ದಂಡೆ ನೋಡಿಕೊಳ್ಳಿ.

ವಾರದ ಲೆಕ್ಕವೂ ಇದೆ. ಶನಿವಾರ ಅಂಜನಾದ್ರಿಗೆ ಹೋಗುವವರಿಂದ ಆನೆಗೊಂದಿ ರಸ್ತೆ ತುಂಬಿರುತ್ತದೆ. ಹನುಮಮಾಲೆ ವಿಸರ್ಜನೆಯ ದಿನಗಳಲ್ಲಂತೂ ಕೇಳಲೇಬೇಡಿ. ಹುಣ್ಣಿಮೆ, ಮಂಗಳವಾರ, ಶುಕ್ರವಾರ ಹುಲಿಗಿ ದಂಡೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹುಲಿಗೆಮ್ಮನ ದರ್ಶನಕ್ಕೆ ಹೋಗಿ, ಅದು ಬೇರೆ ಸುಖ. ನನ್ನ ದಿನ ಬುಧವಾರ ಮತ್ತು ಭಾನುವಾರ.

ಹಿಂದಿನ ರಾತ್ರಿ

ರಾತ್ರಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವ ಶೌರ್ಯ ಬೇಡ. ಒಂದು ದಿನ ಮಾಡಬಹುದು, ಎರಡನೇ ದಿನ ಹೊಳೆ ದಂಡೆಯಲ್ಲೇ ತೂಕಡಿಕೆ. ಹತ್ತಕ್ಕೆ ಮಲಗಿ. ಚೀಲದಲ್ಲಿ ಇಡಬೇಕಾದದ್ದು ಒಂದು ದಪ್ಪ ಟವೆಲ್, ಟಾರ್ಚ್, ಚಾ, ನೀರು, ಚಳಿಗಾಲದಲ್ಲಿ ಒಂದು ಶಾಲು. ಟವೆಲ್ ಯಾಕೆ ಅಂದರೆ ಡಿಸೆಂಬರಿನ ಬಂಡೆ ಐದು ನಿಮಿಷಕ್ಕೆ ಕೂತವರನ್ನು ಎಬ್ಬಿಸುತ್ತದೆ.

ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ.

ಹೊರಡುವ ಹೊತ್ತು

ಜೂನ್ ಮೊದಲ ವಾರ ನಮ್ಮಲ್ಲಿ ಸೂರ್ಯ ಹುಟ್ಟುವುದು 5.50ರ ಆಸುಪಾಸು. ಜನವರಿ ನಡುವಿಗೆ 6.50 ದಾಟುತ್ತದೆ. ಒಂದು ಗಂಟೆಯ ಅಂತರ. ಅದಕ್ಕೇ 'ಐದಕ್ಕೆ ಏಳಿ' ಅನ್ನುವ ಮಾತಿಗೆ ಅರ್ಥವಿಲ್ಲ. ಆ ದಿನದ ಸೂರ್ಯೋದಯ ಕ್ಯಾಲೆಂಡರಿನಲ್ಲಿ ನೋಡಿ, ಅದಕ್ಕೆ ಅರ್ಧ ಗಂಟೆ ಮುಂಚೆ ನಿಮ್ಮ ಕಲ್ಲಿನ ಮೇಲಿರಿ. ಸೂರ್ಯ ಬಂದ ಮೇಲೆ ಹೋದರೆ ಬರೀ ಬಿಸಿಲು ನೋಡಿ ಬರುತ್ತೀರಿ. ನೋಡಬೇಕಾದದ್ದು ಅದಕ್ಕೆ ಮುಂಚಿನದ್ದು. ನೀರು ಮೊದಲು ಆಕಾಶಕ್ಕಿಂತ ಕಪ್ಪಗಿರುತ್ತದೆ, ಆಮೇಲೆ ಬೂದಿ ಬಣ್ಣ, ಒಂದು ಗಳಿಗೆಯಲ್ಲಿ ನೀರು ಯಾವುದು ಆಕಾಶ ಯಾವುದು ಗೊತ್ತಾಗುವುದಿಲ್ಲ, ಆಮೇಲೆ ಬಂಡೆಗಳು ಒಂದೊಂದೇ ಆಕಾರ ತಾಳುತ್ತವೆ.

ಇದಕ್ಕಿಂತ ಮುಂಚೆ, ಕಡು ಕತ್ತಲಲ್ಲಿ ಬೇಡ. ಆನೆಗೊಂದಿ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. 2020ರ ಕೊನೆಯಲ್ಲಿ ಅಲ್ಲಿನ ಬೆಟ್ಟದ ಬಳಿ ಚಿರತೆ ಒಬ್ಬ ಯುವಕನನ್ನು ಕೊಂದಿತ್ತು. ಬೆಟ್ಟದ ಬುಡ, ಬಂಡೆಗಳ ಗವಿ, ಬಾಳೆ ತೋಟದ ಒಳದಾರಿ ಬಿಡಿ. ಊರಿಗೆ ಅಂಟಿಕೊಂಡ ಬಯಲು ದಂಡೆ ಸಾಕು. ಹಾಲಿನವರು ಓಡಾಡುವುದು ಶುರುವಾಗಲಿ, ಆಮೇಲೆ ನೀವು. ಮನುಷ್ಯರ ಭಯವೂ ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2025ರ ಮಾರ್ಚ್‌ನಲ್ಲಿ ರಾತ್ರಿ ಹೊತ್ತು ಸಾಣಾಪುರದ ಕಾಲುವೆ ಹತ್ತಿರ ಪ್ರವಾಸಿಗರ ಮೇಲೆ ನಡೆದ ದಾಳಿ ಇಡೀ ದೇಶಕ್ಕೆ ಗೊತ್ತು. ಇಬ್ಬರು ಮೂವರು ಸೇರಿ ಹೋಗಿ. ಹೆಣ್ಣುಮಕ್ಕಳಾದರೆ ದೇವಸ್ಥಾನದ ಘಟ್ಟವೇ ವಾಸಿ. ಜೊತೆಗೆ ಹೋದರೂ ಹತ್ತು ಮಾರು ದೂರ ದೂರ ಕೂರಬಹುದಲ್ವಾ, ಮಾತಾಡಲೇಬೇಕು ಅಂತೇನಿಲ್ಲ.

ಕೂರುವುದು

ಇದೇ ಕಷ್ಟ.

ಮೊದಲ ದಿನ ನಾನು ಫೋನ್ ಕೈಯಲ್ಲೇ ಇಟ್ಟುಕೊಂಡಿದ್ದೆ, ಒಂದು ಫೋಟೋ ತೆಗೆಯೋಣ ಅಂತ. 6.10ಕ್ಕೆ ಕೆಲಸದ ಗ್ರೂಪಿನಲ್ಲಿ ಮೆಸೇಜು: ನಿನ್ನೆಯ ಲೋಡಿನಲ್ಲಿ 14 ಚೀಲ ಕಮ್ಮಿ. ಅಲ್ಲಿಗೆ ಮುಗಿಯಿತು. ಹೊಳೆ ಎದುರಿಗೇ ಹರಿಯುತ್ತಿತ್ತು, ನಾನು ಗೋದಾಮಿನಲ್ಲಿದ್ದೆ. ಈಗ ಫೋನ್ ಸ್ವಿಚ್ ಆಫ್ ಮಾಡಿ ಗಾಡಿಯ ಡಿಕ್ಕಿಯಲ್ಲಿ ಇಡುತ್ತೇನೆ. ಅವಸರಕ್ಕೆ ಬೇಕಾದರೆ ಹತ್ತಿರವೇ ಇದೆ, ಆದರೆ ಎದ್ದು ಹೋಗಿ ತೆಗೆಯಬೇಕು. ಎದ್ದು ಹೋಗುವ ಸೋಮಾರಿತನವೇ ಕಾಪಾಡುತ್ತದೆ.

ಕಣ್ಣು ಮುಚ್ಚಿ ಉಸಿರು ಎಣಿಸಿ ಅಂತ ಬಹಳ ಜನ ಹೇಳಿಕೊಡುತ್ತಾರೆ. ನನಗೆ ಎಣಿಕೆಯೇ ರೋಗ, ಮತ್ತೆ ಅದನ್ನೇ ಮಾಡಲಾ? ನಾನು ಮಾಡುವುದು ಎರಡು. ಒಂದು, ಕಿವಿಗೆ ಕೆಲಸ ಕೊಡುತ್ತೇನೆ. ಹತ್ತಿರದ ಸದ್ದು ಮೊದಲು: ಕಲ್ಲಿನ ಸಂದಿಯಲ್ಲಿ ನೀರು. ಆಮೇಲೆ ಸ್ವಲ್ಪ ದೂರದ್ದು: ಗದ್ದೆಯ ಮೋಟರು, ಟಿಟ್ಟಿಭ ಹಕ್ಕಿ. ಆಮೇಲೆ ಎಲ್ಲಕ್ಕಿಂತ ದೂರದ್ದು: ಎಲ್ಲೋ ಗುಡಿಯ ಮೈಕು, ಹಾದಿಯ ಲಾರಿ. ದೂರ ಹೋಗಿ ಮತ್ತೆ ನೀರಿಗೆ ವಾಪಸ್. ಎರಡು, ಹೊಳೆಯಲ್ಲಿ ತೇಲಿ ಬರುವ ಏನನ್ನಾದರೂ ಹಿಡಿಯುವುದು. ಒಂದು ಎಲೆ, ನೊರೆಯ ಗುಳ್ಳೆ, ಯಾರೋ ಬಿಟ್ಟ ಹೂವು. ಅದು ಕಣ್ಣಿಗೆ ಸಿಕ್ಕಲ್ಲಿಂದ ಮರೆಯಾಗುವವರೆಗೆ ಅದರ ಜೊತೆಗೇ ಹೋಗಿ. ಸುಳಿಯಲ್ಲಿ ಸಿಕ್ಕಿ ಎರಡು ಸುತ್ತು ತಿರುಗುತ್ತದೆ, ಕಲ್ಲಿಗೆ ತಾಗಿ ನಿಲ್ಲುತ್ತದೆ, ನಿಂತೇ ಬಿಟ್ಟಿತು ಅನ್ನುವಾಗ ಬಿಡಿಸಿಕೊಂಡು ಹೊರಡುತ್ತದೆ. ಆಮೇಲೆ ಇನ್ನೊಂದು. ಮೊದಲ ಹದಿನೈದು ನಿಮಿಷ ತಲೆ ಗಿರಣಿಗೇ ಓಡುತ್ತದೆ. ಓಡಲಿ. ಅದನ್ನು ಬೈಯುತ್ತಾ ಕೂತರೆ ಅದೇ ಒಂದು ಕೆಲಸವಾಗುತ್ತದೆ.

ಅಲ್ಲಾಡದೆ ಕೂರುವುದಕ್ಕೆ ಇನ್ನೊಂದು ಲಾಭವಿದೆ. ಡ್ಯಾಂ ಕೆಳಗಿನಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನನಗೆ ಅವು ಕಂಡದ್ದು ಏಳನೇ ಸಲ ಹೋದಾಗ. ಮೊದಲು ನೀರಿನ ಮೇಲೆ ಒಂದು ಚಪ್ಪಟೆ ತಲೆ, ಹಿಂದೆ ಬಾಣದ ಗುರುತಿನಂಥ ಗೆರೆ. ಆಮೇಲೆ ಮೂರಾದವು. ಒಂದು ಎದುರಿನ ಕಲ್ಲು ಹತ್ತಿ, ಎರಡೂ ಮುಂಗೈಯಲ್ಲಿ ಮೀನು ಹಿಡಿದು ತಲೆಯ ಕಡೆಯಿಂದ ತಿನ್ನತೊಡಗಿತು. ಮುಳ್ಳು ಕಟಕಟ ಅನ್ನುವ ಸದ್ದು ನನಗೆ ಕೇಳುತ್ತಿತ್ತು. ಮೈ ಒದ್ದೆಯಾಗಿ ಕೂದಲು ಎಣ್ಣೆ ಹಚ್ಚಿ ಬಾಚಿದಂತೆ ಮಿಂಚುತ್ತಿತ್ತು. ನನ್ನನ್ನು ನೋಡಿತು, ತಿನ್ನುವುದು ಬಿಡಲಿಲ್ಲ. ಫೋನ್ ಡಿಕ್ಕಿಯಲ್ಲಿತ್ತು. ಹೊಟ್ಟೆ ಉರಿಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಸೂರ್ಯ ಬಂದ ಮೇಲೆ ಹತ್ತು ಹದಿನೈದು ನಿಮಿಷ ಬೆಳಕಿನಲ್ಲೇ ಇರಿ. ನೇರ ಸೂರ್ಯನನ್ನು ದಿಟ್ಟಿಸಬೇಡಿ, ಬಯಲ ಬೆಳಕು ಕಣ್ಣಿಗೆ ಬಿದ್ದರೆ ಸಾಕು. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಜಾಸ್ತಿ. ಬಯಲಿನದ್ದು ಸಾವಿರಗಟ್ಟಲೆ. ಬೆಳಗಿನ ಈ ಬೆಳಕಿನಿಂದಲೇ ಮೈಯೊಳಗಿನ ಗಡಿಯಾರ ಸರಿಹೋಗುವುದು. ರಾತ್ರಿ ನಿದ್ದೆ ಬೇಗ ಹತ್ತುತ್ತದೆ. ನನಗೆ ಮೊದಲು ಸಿಕ್ಕ ಫಲ ಅದೇ, ಶಾಂತಿ ಗೀಂತಿ ಎಲ್ಲ ಆಮೇಲೆ ಬಂತು.

ನೀರಿಗೆ ಇಳಿಯಬೇಕಾ?

ಬೇಡ. ಹೊಳೆಯಲ್ಲಿ ಮೊಸಳೆಗಳಿವೆ, ಬಂಡೆಗಳ ನಡುವೆ ಕಾಣದ ಮಡುಗಳಿವೆ, ಸೆಳವಿದೆ. ಈಜು ಬಲ್ಲವರೇ ಮುಳುಗಿ ಹೋಗಿದ್ದಾರೆ. ಊರವರು ಬಟ್ಟೆ ಒಗೆಯುವ ಕಡೆ ಮೆಟ್ಟಿಲ ಮೇಲೆ ನಿಂತು ಮುಖ ತೊಳೆಯಿರಿ, ಅಷ್ಟಕ್ಕೇ ಎಚ್ಚರವಾಗುತ್ತದೆ.

ಎದ್ದ ಮೇಲೆ

ಫೋನ್ ಕೂಡಲೇ ಆನ್ ಮಾಡಬೇಡಿ. ನಾನು ಗಂಗಾವತಿಗೆ ವಾಪಸ್ ಬಂದು ಒಂದು ಪ್ಲೇಟ್ ಮಂಡಾಳು (ಮಂಡಕ್ಕಿ) ಒಗ್ಗರಣೆ, ಎರಡು ಮಿರ್ಚಿ, ಒಂದು ಚಾ ಮುಗಿಯುವವರೆಗೆ ಆನ್ ಮಾಡುವುದಿಲ್ಲ. ಬಂಡಿಯ ಮುಂದೆ ಬಿಸಿ ಬಾಣಲೆಯ ವಾಸನೆ, ಹಸಿದ ಹೊಟ್ಟೆ. ಎಂಟಕ್ಕೆ ಗಿರಣಿ. ತಂದ ಪ್ಲಾಸ್ಟಿಕ್ ಕವರು, ಕಪ್ಪು ಏನೂ ದಂಡೆಯಲ್ಲಿ ಬಿಟ್ಟು ಬರಬೇಡಿ.

ಹೋಗೋಕಾಗದ ದಿನ ಮಾಳಿಗೆ ಹತ್ತಿ ಹದಿನೈದು ನಿಮಿಷ ಪೂರ್ವಕ್ಕೆ ಮುಖ ಮಾಡಿ ಕೂರುತ್ತೇನೆ. ಅದು ಹೊಳೆಯಲ್ಲ. ಆದರೂ ಕೂರದ ದಿನಕ್ಕಿಂತ ವಾಸಿ.

ಆದರೂ ಕಡಲೇ ಬೇಕು ಅಂದರೆ

ವರ್ಷಕ್ಕೊಮ್ಮೆ ಹೋಗಿ ಬನ್ನಿ. ಬಳ್ಳಾರಿ, ಕೊಪ್ಪಳದ ಮೇಲೆ ಹಾಯುವ ಅಮರಾವತಿ ಎಕ್ಸ್‌ಪ್ರೆಸ್ ಗೋವಾದ ವಾಸ್ಕೋವರೆಗೆ ಹೋಗುತ್ತದೆ. ಇಲ್ಲವೇ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಜೂನ್, ಜುಲೈ ಬೇಡ. ಕಡಲು ಕೆರಳಿರುತ್ತದೆ, ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೂ ಆ ಎರಡು ತಿಂಗಳು ನಿಲ್ಲಿಸಿರುತ್ತಾರೆ.

ನಮ್ಮವರು ಅಲ್ಲಿ ಮಾಡುವ ಒಂದು ತಪ್ಪು ಹೇಳುತ್ತೇನೆ. ಸಮುದ್ರದಲ್ಲಿ ಸೂರ್ಯ ಹುಟ್ಟುವುದನ್ನು ನೋಡುತ್ತೇವೆ ಅಂತ ಕಾಯುತ್ತಾ ಕೂರುತ್ತಾರೆ. ನಮ್ಮ ಕರಾವಳಿಯ ಕಡಲು ಪಶ್ಚಿಮಕ್ಕಿದೆ, ಸೂರ್ಯ ಬೆನ್ನ ಹಿಂದಿನ ಗುಡ್ಡದಿಂದ ಬರುತ್ತಾನೆ. ಬೆಳಕು ಮೊದಲು ದೂರದ ನೀರಿಗೆ ಬಿದ್ದು, ಆಮೇಲೆ ನಿಧಾನಕ್ಕೆ ದಂಡೆಗೆ ಬರುತ್ತದೆ. ಅದೇ ನೋಡುವಂಥದ್ದು. ಬೆಳಿಗ್ಗೆ ಗಾಳಿಯೂ ನೆಲದಿಂದ ಕಡಲಿನ ಕಡೆಗೆ ಬೀಸುತ್ತಿರುತ್ತದೆ, ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ. ಹಾಗಾಗಿ ಆ ಹೊತ್ತಿಗೆ ನೀರು ಶಾಂತ. ಉಬ್ಬರ ದಿನಕ್ಕೆ ಎರಡು ಸಲ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆ ಆರಕ್ಕೆ ಒಣಗಿದ್ದ ಜಾಗ ಇವತ್ತೂ ಒಣಗಿರುತ್ತದೆ ಅಂದುಕೊಂಡು ಚಪ್ಪಲಿ ಬಿಡಬೇಡಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಇನ್ನೂ ಮೇಲೆ ಬರುತ್ತದೆ. ಬೆಳಿಗ್ಗೆ ದಂಡೆಯಲ್ಲಿ ನಿಂತು ರಂಪಣಿ ಅನ್ನುವ ದೊಡ್ಡ ಮೀನುಬಲೆ ಎಳೆಯುವವರು ಸಿಕ್ಕರೆ ಅದೃಷ್ಟ. ದೂರ ನಿಂತು ನೋಡಿ.

ಈ ಸಲ ನಾನು ಹೊರಡುವ ಮುಂಚಿನ ಬುಧವಾರ ಆನೆಗೊಂದಿಯಲ್ಲಿ ಹರಿಗೋಲು ಹಾಕುವ ಕಾಕಾ ಸಿಕ್ಕಿದ್ದರು. ಮೊದಮೊದಲು ನನ್ನನ್ನು ನೋಡಿ "ಯಾಕ್ರೀ ಸರ, ರಾತ್ರಿ ನಿದ್ದಿ ಬರಂಗಿಲ್ಲೇನು?" ಅಂತ ಕೇಳಿದವರು ಅವರೇ. ಈಗ ಒಂದು ಕಪ್ ಚಾ ಅವರಿಗೆ ಅಂತಲೇ ತರುತ್ತೇನೆ. ಗೋಕರ್ಣಕ್ಕೆ ಹೊರಟಿದ್ದೀನಿ ಅಂದೆ. ಚಾ ಮುಗಿಸಿ, ಕಪ್ಪನ್ನು ಹೊಳೆಯಲ್ಲಿ ತೊಳೆದು ಕೊಟ್ಟರು. ಸ್ವಲ್ಪ ಹೊತ್ತು ಆಚೆ ದಂಡೆ ನೋಡುತ್ತಿದ್ದು ಕೇಳಿದರು:

"ಸಮುದ್ರಕ್ಕ ಆಚಿ ದಂಡಿನ ಕಾಣಂಗಿಲ್ಲ ಅಂತಾರಲ್ರೀ. ಮತ್ತ ಅಲ್ಲಿ ಮಂದೀನ ಎಲ್ಲಿಗೆ ದಾಟಸ್ತಾರ?"